ಅಮಾಸೆಗೆ ಹತ್ತಿ ಹುಣ್ಣಿಮೆಗೆ ಆರುವ ದೀಪ

ನಮ್ಮ ಗಾಡಿ ತನ್ನಷ್ಟಕ್ಕೆ ತಾನೇ ಕೆಳಗೆ ಕುಸಿದಾಗ ಅದರ ಹಿಂದಿನ ಗಾಲಿಯ ಸಂದಿನಲ್ಲಿ ಅವ್ವನ ಬಲಗೈ ಇತ್ತು.

ಈ ಮಾತನ್ನು ಹುಬ್ಬಳ್ಳಿಯಲ್ಲಿ ಯಾರಿಗೆ ಹೇಳಿದರೂ ಅವರು ಮೊದಲು ಕೇಳುವುದು, "ಯಾವ ಗಾಡಿರಿ ಸರ?" ಎಂದು. ಆಮೇಲೆ, "ಮೈಲೇಜ್ ಏನ್ ಕೊಡತೈತ್ರಿ?" ಎಂದು. ಕೈಯ ವಿಚಾರಕ್ಕೆ ಬರುವ ಹೊತ್ತಿಗೆ ಚಹಾ ಮುಗಿದಿರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನದವರೆಗೆ ನನ್ನ ತಲೆಯೂ ಅದೇ ಕ್ರಮದಲ್ಲಿ ಓಡುತ್ತಿತ್ತು. ಈಗ ಓಡುವ ರೀತಿ ಬೇರೆ. ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ, ಹಲ್ಲುಜ್ಜುವಾಗ, ಊಟದ ತಾಟಿನ ಮುಂದೆ, ಆ ಗಾಡಿ ಮತ್ತೆ ಮತ್ತೆ ಕೆಳಗಿಳಿಯುತ್ತದೆ. ಪ್ರತಿ ಸಲವೂ ನಾನು ಸ್ಟಿಯರಿಂಗ್ ಮುಂದೆ ಕುಳಿತು, ಯಾವ ಕೆಲಸಕ್ಕೂ ಬಾರದವನಾಗಿ, ನೋಡುತ್ತಿರುತ್ತೇನೆ.

ನಾನು ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಮನೆ ನವನಗರದಲ್ಲಿ. ಇಷ್ಟು ದೂರ ಹೋಗಿ ಬರಲು ಸ್ಕೂಟರ್ ಸಾಕು, ಅದು ಕೆಟ್ಟರೆ ಬಸ್ಸಿದೆ. ಆದರೂ ಪರದೇಶದ ಕಂಪನಿಯ ಒಂದು ದೊಡ್ಡ ಎಸ್‌ಯುವಿ, ಬೇರೆಯವರು ಓಡಿಸಿ ಬಿಟ್ಟದ್ದನ್ನು, ಕೊಂಡೆ. ಯಾಕೆಂದು ಕೇಳಿದವರಿಗೆ ಅವ್ವನ ಬೆನ್ನುನೋವಿನ ಕಾರಣ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದು ಗುಂಡಿ ಒತ್ತಿದರೆ ಆ ಗಾಡಿ ಎದ್ದು ನಿಲ್ಲುತ್ತಿತ್ತು, ಇನ್ನೊಂದು ಒತ್ತಿದರೆ ಒಂಟೆಯ ಹಾಗೆ ಕೂರುತ್ತಿತ್ತು. ಮಾರುವವನು ಅದನ್ನು ತೋರಿಸಿದ ಗಳಿಗೆಯಲ್ಲೇ ನನ್ನ ಓದು ಬರಹವೆಲ್ಲ ಕೈಕೊಟ್ಟಿತು.

"ನೀವು ಕಾಲೇಜಿಗೆ ಹೋಗೂದು ಪಾಠ ಹೇಳಾಕೋ, ದಂಡಯಾತ್ರಿ ಮಾಡಾಕೋ?" ಎಂದು ಹೆಂಡತಿ ಕೇಳಿದಳು.

ನಾನು ಅವಳಿಗೆ ಏರ್ ಸಸ್ಪೆನ್ಷನ್ ಎಂದರೇನೆಂದು ವಿವರಿಸಿದೆ. ಬೇರೆ ಗಾಡಿಗಳಿಗೆ ಕಬ್ಬಿಣದ ಸ್ಪ್ರಿಂಗ್ ಇರುತ್ತದೆ. ಇದಕ್ಕೆ ನಾಲ್ಕೂ ಗಾಲಿಗಳ ಹತ್ತಿರ ಗಾಳಿ ತುಂಬಿದ ರಬ್ಬರ್ ಚೀಲಗಳು. ಪ್ರತಿ ಚೀಲದ ಬಳಿ ಒಂದು ಸಣ್ಣ ಸರಳು ಮೇಲೆ ಕೆಳಗೆ ಆಡುತ್ತಾ, ಗಾಡಿಯ ಮೈ ಎಷ್ಟು ಎತ್ತರದಲ್ಲಿದೆ ಎಂದು ಸೆನ್ಸರ್‌ಗೆ ಹೇಳುತ್ತಿರುತ್ತದೆ. ತೀರ ಎತ್ತರ ಅಂದರೆ ಗಾಡಿ ಗಾಳಿ ಬಿಡುತ್ತದೆ, ತಗ್ಗು ಅಂದರೆ ತುಂಬಿಕೊಳ್ಳುತ್ತದೆ. "ಪಂಕ್ಚರ್ ಆದ್ರೂ ಇದಕ್ಕ ಜಾಕ್ ಬೇಕಾಗಂಗಿಲ್ಲ, ತಾನ ಏಳತೈತಿ," ಎಂದು ಕೊನೆಗೆ ಒಂದು ಸುಳ್ಳನ್ನೂ ಸೇರಿಸಿದೆ. ಅದು ಸುಳ್ಳೆಂದು ಆಗ ನನಗೂ ಗೊತ್ತಿರಲಿಲ್ಲ.

ಗಾಡಿ ಬಂದ ಮೊದಲ ಅಮಾಸೆಗೆ ಅವ್ವ ಮುಂದಿನ ಬಂಪರಿಗೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ, ಒಂದು ಇದ್ದಿಲ ತುಂಡನ್ನು ಕರಿ ದಾರದಲ್ಲಿ ಪೋಣಿಸಿ ಕಟ್ಟಿದಳು. ನಾನು ಬಿಚ್ಚಿದೆ.

"ಅವ್ವಾ, ನಾ ಫಿಜಿಕ್ಸ್ ಕಲಸಾಂವ. ಹುಡುಗೂರು ನೋಡಿದ್ರ ನಗತಾರ."

"ನಗಲಿ ಬಿಡು. ಇಷ್ಟ ದೊಡ್ಡ ಗಾಡಿ ತಂದೀದಿ, ಓಣಿ ಮಂದಿ ಕಣ್ಣೆಲ್ಲಾ ಅದರ ಮ್ಯಾಲ ಐತಿ."

"ಹಿಂಗ ಎದುರಿಗೆ ಕಾಣೂ ಹಂಗ ಬ್ಯಾಡ."

"ಕಾಣೂ ಹಂಗ ಬ್ಯಾಡ, ಹೌದಿಲ್ಲೊ? ಆತು."

ಅವ್ವ ಅಷ್ಟು ಬೇಗ ಒಪ್ಪಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೇಳಿದ ಕೂಡಲೇ ನನಗೆ ಸಂಶಯ ಬರಬೇಕಿತ್ತು. ಬದಲಿಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹಿರಿಯರಿಗೆ ಪ್ರೀತಿಯಿಂದ ತಿಳಿಸಿ ಹೇಳಿದರೆ ವೈಜ್ಞಾನಿಕ ಮನೋಭಾವ ಹೇಗೆ ಬೆಳೆಯುತ್ತದೆ ಎಂದು ಭಾಷಣ ಮಾಡಿದೆ.

ತಿಂಗಳಾಗುವಷ್ಟರಲ್ಲಿ ದೀಪ ಹತ್ತಿತು. ಸ್ಪೀಡಾಮೀಟರ್ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಗಾಡಿಯ ಚಿತ್ರ, ಅದರ ಕೆಳಗೆ ಮೇಲೆ ಬಾಣಗಳು. ಎರಡು ಸಲ ಗಾಡಿ ಆರಿಸಿ ಶುರು ಮಾಡಿದರೂ ಹೋಗಲಿಲ್ಲ. ಎರಡು ವಾರ ಕಾಡಿ, ತಾನಾಗಿಯೇ ಆರಿತು. ಮುಂದಿನ ತಿಂಗಳು ಮತ್ತೆ ಹತ್ತಿತು, ಮತ್ತೆ ಆರಿತು. ಹತ್ತಿದಾಗ ನನಗೆ ಪುರುಸೊತ್ತಿರುತ್ತಿರಲಿಲ್ಲ. ಪುರುಸೊತ್ತು ಮಾಡಿಕೊಂಡು ತಾರಿಹಾಳದ ವರ್ಕ್‌ಶಾಪಿಗೆ ಹೋದರೆ ದೀಪ ಇರುತ್ತಿರಲಿಲ್ಲ.

ಆ ವರ್ಕ್‌ಶಾಪಿನ ಮೆಕ್ಯಾನಿಕ್ ದಪ್ಪ ಮೀಸೆಯ, ಅದಕ್ಕಿಂತ ದಪ್ಪ ಆತ್ಮವಿಶ್ವಾಸದ ಮನುಷ್ಯ. ಡ್ಯಾಶ್‌ಬೋರ್ಡ್ ನೋಡಿ, "ಎಲ್ಲೈತ್ರಿ ಸರ ಲೈಟು? ನನ್ನ ಮುಂದ ಬಂದ್ರ ಅಂಜತೈತಿ ನೋಡ್ರಿ," ಎಂದ. ಹಲ್ಲುನೋವಿನವನು ಡಾಕ್ಟರ ಬಾಗಿಲಲ್ಲಿ ನೋವು ಮಾಯವಾಗಿ ನಿಂತಂತೆ ನಾನು ನಿಂತಿದ್ದೆ.

ಆಗ ನನ್ನೊಳಗಿನ ವಿಜ್ಞಾನಿ ಎಚ್ಚರಗೊಂಡ. ಅವನು ಮಲಗಿದ್ದರೇ ಚೆನ್ನಾಗಿತ್ತು. ಬಿಸಿಲಿಗೆ ಹೀಗಾಗುತ್ತದೆಯೇ ಎಂದು ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ನಾನೂ ಜೊತೆಗೆ ನಿಂತೆ. ರಸ್ತೆಯ ಉಬ್ಬುಗಳಿಂದಲೇ ಎಂದು ಒಂದೇ ಹಂಪ್ ಮೇಲೆ ಹಿಂದೆ ಮುಂದೆ ಹಾಯಿಸಿದೆ, ಪಕ್ಕದ ಕಿರಾಣಿ ಅಂಗಡಿಯವನು ಹೊರಗೆ ಬಂದು, "ಏನರ ಬಿತ್ತೇನ್ರಿ ಸರ?" ಎಂದು ತಾನೂ ರಸ್ತೆಯ ಮೇಲೆ ಹುಡುಕತೊಡಗಿದ. ಭಾರದಿಂದಲೇ ಎಂದು ಡಿಕ್ಕಿಯಲ್ಲಿ ಅಕ್ಕಿಯ ಚೀಲ ಹೇರಿದೆ. ಎಡಗಡೆಯ ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿದೆ.

"ನನ್ನ ತೂಕ ಇನ್ನ ವಿಜ್ಞಾನಕ್ಕೂ ಬೇಕಾತೇನ್ರಿ?" ಎಂದಳು. ಇಳಿದವಳು ಮತ್ತೆ ಹತ್ತಲಿಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಒಂದು ಮಾತು ಹೇಳಿದಳು. "ನಾನೂ ನೋಡಾಕತ್ತೇನಿ. ಆ ಲೈಟ್ ಅಮಾಸಿಗೆ ಹತ್ತತೈತಿ, ಹುಣ್ಣಿವಿ ಹೊತ್ತಿಗೆ ಆರತೈತಿ. ಪ್ರತಿ ಸಲ ಹಿಂಗ."

ನಾನು ರೊಟ್ಟಿ ಬಿಟ್ಟು ನಕ್ಕೆ. ಚಂದ್ರನ ಗುರುತ್ವಾಕರ್ಷಣೆ, ಸಮುದ್ರದ ಉಬ್ಬರ ಇಳಿತ, ಹುಬ್ಬಳ್ಳಿಗೆ ಸಮುದ್ರವೇ ಇಲ್ಲದಿರುವುದು, ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬ ತತ್ವ, ಎಲ್ಲವನ್ನೂ ಪಲ್ಯ ಆರುವವರೆಗೆ ವಿವರಿಸಿದೆ. ಅವ್ವ ಪಕ್ಕದಲ್ಲಿ ಮೆಂತೆ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. ನನ್ನ ಪಾಂಡಿತ್ಯಕ್ಕೆ ಮರುಳಾಗಿದ್ದಾಳೆ ಎಂದುಕೊಂಡೆ.

ಕೊನೆಗೆ ದೀಪ ಉರಿಯುತ್ತಿರುವಾಗಲೇ ರಜೆ ಹಾಕಿ ತಾರಿಹಾಳಕ್ಕೆ ಹೋದೆ. ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಚುಚ್ಚಿ ನೋಡಿ, "ಎಡಗಡಿ ಹಿಂದಿನ ಗಾಲಿ. ಎತ್ತರ ತೋರ್ಸೂ ಸೆನ್ಸರ್ ಒಮ್ಮಿ ಒಂದ ಹೇಳತೈತಿ, ಇನ್ನೊಮ್ಮಿ ಇನ್ನೊಂದ ಹೇಳತೈತಿ. ಸುಳ್ಳ ಹೇಳೂ ಸಾಕ್ಷಿ ಆಗೇತ್ರಿ," ಎಂದ. ಹೊಸ ಸೆನ್ಸರ್ ತರಿಸಿ ಹಾಕಿದ. ಸಂಜೆ ಗಾಡಿ ಒಪ್ಪಿಸುವಾಗ, "ಇನ್ನೊಮ್ಮಿ ಹತ್ತಿದ್ರ ನನ್ನ ಮೀಸಿ ಬೋಳಸ್ರಿ. ಎಲ್ಲಾ ಇದ್ದದ್ದು ಇದ್ದಲ್ಲೇ ಹೊಳ್ಳಿ ಇಟ್ಟೇನ್ರಿ ಸರ," ಎಂದ. ಆ ಕೊನೆಯ ಮಾತು ನನಗೆ ಬರಿಯ ವಿನಯವಾಗಿ ಕೇಳಿಸಿತು.

ಮಾರನೆಯ ದಿನ ದೀಪ ಹತ್ತಿತು. ನಾಲ್ಕಾರು ದಿನ ಇದ್ದು ಆರಿತು.

ಮುಂದಿನ ಅಮಾಸೆ ಭಾನುವಾರ ಬಂದಿತ್ತು. ಬೆಳಿಗ್ಗೆ ನಾನು ಇಂಟರ್ನೆಟ್ಟಿನಲ್ಲಿ ಓದಿದ್ದ ಒಂದು ಪರೀಕ್ಷೆ ಮಾಡಲು ಗಾಡಿಯಲ್ಲಿ ಕುಳಿತೆ. ಎಂಜಿನ್ ಓಡಿಸುತ್ತಾ ಗಾಡಿಯನ್ನು ಅದರ ಪೂರ್ಣ ಎತ್ತರಕ್ಕೆ ಏರಿಸಿ, ಡ್ಯಾಶ್‌ಬೋರ್ಡ್ ಮೇಲೆ ಕಣ್ಣಿಟ್ಟು ಕಾಯಬೇಕು. ದೋಷವಿದ್ದರೆ ಆಗ ಕಾಣಿಸಿಕೊಳ್ಳುತ್ತದೆ ಎಂದಿತ್ತು. ಗಾಜು ಏರಿಸಿ ಎಸಿ ಹಾಕಿದೆ. ನಿಂತಿದ್ದರೂ ಬೆಲ್ಟ್ ಹಾಕಿಲ್ಲವೆಂದು ಗಾಡಿ ಕಿರಿಗುಟ್ಟುತ್ತಿತ್ತು, ಸೀಟ್ ಬೆಲ್ಟ್ ಹಾಕಿಕೊಂಡೆ. ಮನೆಯ ಕಂಪೌಂಡಿನೊಳಗೆ, ಗೇಟಿನತ್ತ ಮುಖ ಮಾಡಿ, ಗಗನಯಾತ್ರಿಯಂತೆ ಕುಳಿತಿದ್ದೆ.

ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟು. ಕಾಣುವ ಹಾಗೆ ಬೇಡ ಎಂದು ನಾನು ಹೇಳಿದ ಮೇಲೆ ಅವ್ವ ಕಾಣದ ಜಾಗ ಹುಡುಕಿದ್ದಳು. ಎಡಗಡೆಯ ಹಿಂದಿನ ಗಾಲಿಯ ಸಂದಿನಲ್ಲಿ ಕೈ ಹಾಕಿದರೆ ಒಂದು ಪುಟ್ಟ ಸರಳು ಸಿಗುತ್ತಿತ್ತು. ದಾರ ಕಟ್ಟಲೆಂದೇ ಮಾಡಿಟ್ಟಂತಿತ್ತು ಎಂದು ಆಮೇಲೆ ಅವಳೇ ಹೇಳಿದಳು. ಪ್ರತಿ ಅಮಾಸೆ, ನಾನು ಸ್ನಾನಕ್ಕೆ ಹೋದಾಗ, ಹಳೆಯದನ್ನು ತೆಗೆದು ಹೊಸ ಲಿಂಬೆಹಣ್ಣು ಕಟ್ಟುತ್ತಿದ್ದಳು. ತಾಜಾ ಹಣ್ಣು ದಪ್ಪಗೆ ಸರಳಿನ ಸಂದಿನಲ್ಲಿ ಸಿಕ್ಕಿಕೊಂಡು ಅದನ್ನು ಆಡಗೊಡುತ್ತಿರಲಿಲ್ಲ, ದೀಪ ಹತ್ತುತ್ತಿತ್ತು. ದಿನ ಕಳೆದು ಹಣ್ಣು ಒಣಗಿ ಸುಕ್ಕಾದಾಗ ಸರಳು ಬಿಡುಗಡೆಯಾಗುತ್ತಿತ್ತು, ದೀಪ ಆರುತ್ತಿತ್ತು.

ಅಂದು ಗಾಡಿ ತಾನಾಗಿ ಎತ್ತರಕ್ಕೆ ನಿಂತದ್ದನ್ನು ಕಂಡು ಅವಳಿಗೆ ಖುಷಿಯಾಗಿದೆ. ಬಗ್ಗುವ ಕಷ್ಟವಿಲ್ಲ. ನಾನು ಒಳಗೆ ಕುಳಿತಿರುವುದು ಕಂಡಿದೆ, ಆದರೆ ತಲೆ ಬಗ್ಗಿಸಿದ್ದರಿಂದ ಎಂದಿನಂತೆ ಫೋನಿನಲ್ಲಿ ಮುಳುಗಿದ್ದೇನೆ ಎಂದುಕೊಂಡಿದ್ದಾಳೆ. ಅಡುಗೆಮನೆಯ ಮಣೆ ತಂದು ಗಾಲಿಯ ಪಕ್ಕ ಹಾಕಿಕೊಂಡು ಕುಳಿತಿದ್ದಾಳೆ.

ದೀಪ ಫಕ್ಕನೆ ಹತ್ತಿತು.

ನನಗಾದ ಆನಂದವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಇಷ್ಟು ತಿಂಗಳು ಕಣ್ಣುಮುಚ್ಚಾಲೆ ಆಡಿದ ದೋಷ ನನ್ನ ಕಣ್ಣೆದುರೇ ಸಿಕ್ಕಿಬಿದ್ದಿತ್ತು. "ಸಿಕ್ತು!" ಎಂದು ಕೂಗಿ ಮೆಕ್ಯಾನಿಕ್‌ಗೆ ಕಳಿಸಲು ಫೋಟೋ ತೆಗೆದೆ. ಆ ಫೋಟೋ ಇನ್ನೂ ಫೋನಿನಲ್ಲಿದೆ. ಅದನ್ನು ತೆಗೆಯುವ ಹೊತ್ತಿಗೆ ಅವ್ವ ಹಳೆಯ ದಾರವನ್ನು ಜಗ್ಗುತ್ತಿದ್ದಳು.

ಹಳೆಯದು ಕಳಚಿ ಬಂದಾಗ ದೀಪ ಆರಿತು. ಆಮೇಲೆ ಅವ್ವ ಹೊಸ ಹಣ್ಣನ್ನು ಒತ್ತಿ ಕೂರಿಸಿದಳು. ಹಣ್ಣು ಸರಳನ್ನು ಮೇಲಕ್ಕೆ ತಳ್ಳಿ ಹಿಡಿಯಿತು. ಗಾಡಿ ತೀರ ಎತ್ತರವಾಗಿಬಿಟ್ಟಿದೆ ಎಂದು ಸೆನ್ಸರ್ ಹೇಳಿತು, ಗಾಡಿ ನಂಬಿತು. ಹಿಂದಿನಿಂದ ಸುಸ್ತಾದ ದನ ಉಸಿರು ಬಿಟ್ಟಂತೆ ಸದ್ದಾಯಿತು. ನನ್ನ ಸೀಟು ಎಡಕ್ಕೆ ವಾಲಿತು. ಯಾಕೆಂದು ಎಡಗಡೆಯ ಕನ್ನಡಿ ನೋಡಿದೆ.

ಮಣೆ. ಇಳಕಲ್ ಸೀರೆಯ ಕೆಂಪು ಸೆರಗು. ವಾತಕ್ಕೆಂದು ಹಾಕಿಕೊಂಡ ತಾಮ್ರದ ಕಡಗ, ಅದರ ಮುಂದೆ ಇರಬೇಕಾದ ಅಂಗೈ ಇಲ್ಲ. ಅಂಗೈ ಗಾಲಿಗೂ ಗಾಡಿಯ ಮೈಗೂ ನಡುವಿನ ಸಂದಿನಲ್ಲಿತ್ತು, ಆ ಸಂದು ಕಿರಿದಾಗುತ್ತಿತ್ತು. ಮೆಲ್ಲಗೆ. ಅಷ್ಟು ಮೆಲ್ಲಗೆ ಇಳಿಯದೆ ದಡಕ್ಕನೆ ಬಿದ್ದಿದ್ದರೆ ಇಷ್ಟು ಸಲ ನೆನಪಾಗುತ್ತಿರಲಿಲ್ಲವೇನೋ.

"ಅವ್ವಾ!" ಎಂದು ಕಿರುಚಿದೆ. ಗಾಜು ಮುಚ್ಚಿತ್ತು. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ, ವೈಪರ್ ಆಡಿತು. ಇಳಿಯಲು ಹೋದೆ, ಬೆಲ್ಟ್ ಹಿಡಿದು ಕೂರಿಸಿತು. ಆಮೇಲೆ, ಪದವಿ ಮೇಲೆ ಪದವಿ ಪಡೆದ ನನ್ನ ಮೆದುಳಿಗೆ ಹೊಳೆದದ್ದು ಹಾರ್ನ್. ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

ನಾನು ಗಡಿಬಿಡಿ ಮಾಡುತ್ತಿದ್ದೇನೆ ಎಂದು ಅವ್ವ ತಿಳಿದಳು. "ತಡಿಯೊ, ಏನ ಅವಸರ ನಿಂದು!" ಎಂದು ಬೈಯಲು ನನ್ನ ಕಡೆ ತಿರುಗಿದಳು. ತಿರುಗುವಾಗ ತೋಳು ಹಿಂದಕ್ಕೆ ಬಂತು. ಕಡಗ ಗಾಡಿಯ ಅಂಚಿಗೆ ಸಿಕ್ಕಿ, ಬಾಗಿ, ಮುಂಗೈಯ ಚರ್ಮ ಸುಲಿದುಕೊಂಡು ಹೊರಬಿತ್ತು. ಕೈಯೂ ಬಂತು. ಸಂದು ಮುಚ್ಚಿತು. ಸೆರಗು ಒಳಗೇ ಉಳಿಯಿತು.

ನಾನು ಬೆಲ್ಟ್ ಬಿಡಿಸಿಕೊಂಡು, ಗಾಡಿಯ ಮುಂದಿನಿಂದ ಸುತ್ತಿ, ಮುಗ್ಗರಿಸಿ ಅವಳ ಹತ್ತಿರ ಬಂದಾಗ ಅವ್ವ ಮಣೆಯ ಮೇಲೇ ಕುಳಿತಿದ್ದಳು, ಸೆರಗಿನಿಂದ ಗಾಲಿಗೆ ಕಟ್ಟಿ ಹಾಕಿದಂತೆ. ಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ನೋಡುತ್ತಿದ್ದದ್ದು ನೆಲದ ಕಡೆ.

"ಲಿಂಬಿಹಣ್ಣ ಒಡೀತಲ್ಲೊ," ಎಂದಳು.

"ಬೆರಳ ಆಡಸು! ಬೆರಳ ಆಡಸವ್ವಾ!"

"ಆಡಾಕತ್ತಾವ. ನೀ ಯಾಕ ನಡಗಾಕತ್ತಿ? ಕೈ ಯಾರದು, ನಿಂದೋ ನಂದೋ?"

ಸದ್ದಿಗೆ ಹೆಂಡತಿ ಹೊರಗೆ ಬಂದು ಒಂದು ನೋಟದಲ್ಲಿ ಎಲ್ಲ ನೋಡಿದಳು. ನಾನು ಒಳಗೆ ನುಗ್ಗಿ ಏರಿಸುವ ಗುಂಡಿ ಒತ್ತಿದೆ. ದೋಷವಿದೆ, ಏರಲಾಗದು ಎಂದು ಪರದೆಯ ಮೇಲೆ ಬಂತು. ಕತ್ತರಿ ತಂದು ಸೆರಗು ಕತ್ತರಿಸುತ್ತೇನೆಂದರೆ ಅವ್ವ ಬಿಡಲಿಲ್ಲ. "ಅಮಾಸಿ ದಿನ ಮೈಮ್ಯಾಲಿನ ಸೀರಿಗೆ ಕತ್ತರಿ ಹಚ್ಚತೀ? ಕೈ ಬಂದೈತಿ, ಸೀರಿನೂ ಬರತೈತಿ, ತಡಿ."

"ಜಾಕ್ ಎಲ್ಲೈತ್ರಿ?" ಎಂದು ಹೆಂಡತಿ ಕೇಳಿದಳು. ಈ ಗಾಡಿಗೆ ಜಾಕ್ ಬೇಡ ಎಂದಿದ್ದ ನನ್ನ ಮಾತನ್ನು ಅವಳು ಆ ಹೊತ್ತಿನಲ್ಲಿ ಎತ್ತಲಿಲ್ಲ. ಆಮೇಲೆ ಎತ್ತಿದಳು, ಈಗಲೂ ಎತ್ತುತ್ತಾಳೆ. ಜಾಕ್ ಡಿಕ್ಕಿಯ ತಳದಲ್ಲಿ, ನನ್ನ ಸಂಶೋಧನೆಯ ಅಕ್ಕಿ ಚೀಲದ ಅಡಿಯಲ್ಲಿತ್ತು. ಅದನ್ನು ಎಲ್ಲಿ ಇಡಬೇಕೆಂದು ನಾನು ಪುಸ್ತಕದಲ್ಲಿ ಹುಡುಕುತ್ತಿರುವಾಗ ಅವಳು ಇಟ್ಟು ತಿರುಗಿಸಿ ಗಾಡಿ ಎತ್ತಿದ್ದಳು. ಸೆರಗು ಬಂತು, ಗ್ರೀಸ್ ಮೆತ್ತಿಕೊಂಡು.

ಎಕ್ಸ್‌ರೇಯಲ್ಲಿ ಮೂಳೆಗಳೆಲ್ಲ ಸರಿ ಇದ್ದವು. ಮುಂಗೈಗೆ ಹೊಲಿಗೆ ಹಾಕಿದರು. ಡಾಕ್ಟರು ಪಟ್ಟಿ ಸುತ್ತುತ್ತಾ, "ಯಾವ ಗಾಡಿರಿ?" ಎಂದು ಕೇಳಿದರು.

ಮರುದಿನ ತಾರಿಹಾಳಕ್ಕೆ ಹೋಗಿ ಮೆಕ್ಯಾನಿಕ್ ಮೇಲೆ ಹಾರಾಡಿದೆ. "ಸೆನ್ಸರ್ ಬದಲಿ ಮಾಡಬೇಕಾದ್ರ ಆ ಲಿಂಬಿಹಣ್ಣ ಕಾಣಲಿಲ್ಲೇನು?"

"ಕಾಣದ ಏನ್ರಿ ಸರ? ಕೈಕಾಲ ತೊಳಕೊಂಡ ಬಂದ ಬಿಚ್ಚೇನಿ. ಹೊಸಾದು ಕುಂದರಿಸಿ, ಅಲ್ಲೇ ಹೊಳ್ಳಿ ಕಟ್ಟೇನಿ. ದಾರ ಸಡಲಿತ್ತು, ಇನ್ನೊಂದ ಗಂಟ ಹೆಚ್ಚಿಗಿ ಹಾಕೇನ್ರಿ."

"ಒಗೀಬೇಕಿತ್ತಿಲ್ಲೊ ಮಾರಾಯಾ!"

"ದೇವರ ಹೆಸರಲೇ ಕಟ್ಟಿದ್ದು, ನಾ ಹೆಂಗ ಒಗೀಲಿ? ಅದೂ ಪ್ರೊಫೆಸರ್ ಮಂದಿ ಕಟ್ಟ್ಯಾರಂದ್ರ ಏನರ ಲೆಕ್ಕ ಇರಬೇಕ ಅನ್ಕೊಂಡೆ."

ನಾನು ಕಟ್ಟಿದ್ದೆಂದು ಅವನು ನಂಬಿದ್ದ! ನನ್ನ ಓದಿನ ಮೇಲೆ ಅಷ್ಟು ಭರವಸೆ ಇಟ್ಟವನು ಈ ಅವಳಿ ನಗರದಲ್ಲಿ ಅವನೊಬ್ಬನೇ. ಮೀಸೆಯ ಮಾತು ತೆಗೆಯದೆ ಹಿಂದಿರುಗಿದೆ.

ಬಂಧುಗಳೆಲ್ಲ ನೋಡಲು ಬಂದರು. ಅವರ ಮುಂದೆ ಅವ್ವ ಹೇಳಿದ ಕತೆಯಲ್ಲಿ ಗಾಡಿ ಅವಳ ಕೈ ತಿನ್ನಲು ಬಂತು, ಲಿಂಬೆಹಣ್ಣು ಅಡ್ಡ ನಿಂತು ತಾನು ಒಡೆದುಕೊಂಡಿತು. ಕಾರಣವೇ ಆ ಹಣ್ಣು ಎಂದು ನಾನು ಗಾಲಿಯ ಚಿತ್ರ ಬರೆದು ತೋರಿಸಿದೆ. ಎಲ್ಲರೂ ಚಿತ್ರ ಚೆನ್ನಾಗಿದೆ ಎಂದರು, ಕತೆ ಅವ್ವನದನ್ನೇ ನಂಬಿದರು. ಈಗ ಆ ದಾರ ಮುಂದಿನ ಬಂಪರಿನಲ್ಲಿ ರಾಜಾರೋಷವಾಗಿ ತೂಗುತ್ತದೆ. ಹುಡುಗರು ಯಾರೂ ನಗಲಿಲ್ಲ. ದೀಪ ಆಮೇಲೆ ಹತ್ತಿಲ್ಲ.

ದೀಪ ಹೋಯಿತು, ನಾನು ಕೆಟ್ಟೆ. ಗಾಡಿ ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟರೆ ಒತ್ತಲಾಗುವುದಿಲ್ಲ. ಇಳಿದು ಸುತ್ತು ಹಾಕಿ ನಾಲ್ಕೂ ಗಾಲಿಯ ಹಿಂದೆ ಬಗ್ಗಿ ನೋಡುತ್ತೇನೆ. ಬಂದು ಕೂತ ಮೇಲೆ, ನಾನು ಕೂರುವಷ್ಟರಲ್ಲಿ ಯಾರಾದರೂ ಬಂದಿದ್ದರೆ ಎಂದು ಮತ್ತೆ ಇಳಿಯುತ್ತೇನೆ. ಮೂರನೆಯ ಸಲ ಇಳಿದಾಗ ಒಂದು ಬೆಳಿಗ್ಗೆ ಅವ್ವ ಅಡುಗೆಮನೆಯಿಂದ ಬಂದು ಗೇಟಿನ ಹತ್ತಿರ, ಗಾಡಿಯ ಎದುರಿಗೆ, ನಿಂತಳು. ಜೋಳದ ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮೇಲೆತ್ತಿದಳು.

"ನೋಡಪಾ, ಎರಡೂ ಅದಾವ. ನಡಿ, ಕಾಲೇಜಿಗೆ ಹೊತ್ತಾತು."

ನಾನು ಗಾಡಿ ಶುರು ಮಾಡಿದೆ. ಅಂದಿನಿಂದ ಅದು ದಿನದ ಪದ್ಧತಿಯಾಗಿದೆ. ಅವ್ವ ಕೈ ತೋರಿಸಬೇಕು, ನಾನು ಹೊರಡಬೇಕು. ಹಾಲಿನವನು, ಎದುರು ಮನೆಯವರು, ನಾಯಿ ತಿರುಗಾಡಿಸಲು ಬಂದವರು, ಎಲ್ಲರೂ ನೋಡಿದ್ದಾರೆ. ಪೊಲೀಸರು ಹಿಡಿದ ಕಳ್ಳಿಯಂತೆ ಕೈ ಎತ್ತಿ ನಿಂತ ಮುದುಕಿ, ಅವಳ ಮುಂದೆ ಯುದ್ಧಟ್ಯಾಂಕಿನಂಥ ಗಾಡಿಯಲ್ಲಿ ಕಣ್ಣು ಕಿರಿದು ಮಾಡಿ ಬೆರಳೆಣಿಸುತ್ತಿರುವ ಮಗ. "ಏನ ನಾಟಕ ಹಚ್ಚೀರಿ ತಾಯಿ ಮಗಾ," ಎಂದು ಹೆಂಡತಿ ಒಳಗಿನಿಂದ ಕೂಗುತ್ತಾಳೆ. ನಾನು ಹತ್ತನೆಯ ಬೆರಳು ಎಣಿಸಿ ಗೇರ್ ಹಾಕುತ್ತೇನೆ.

ಕಳೆದ ವಾರ ಅವ್ವ ಗದಗಿನಲ್ಲಿರುವ ಅಕ್ಕನ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಗಾಡಿಯಲ್ಲಿ ಕುಳಿತೆ. ಗೇಟಿನ ಹತ್ತಿರ ಯಾರೂ ಇಲ್ಲ. ಅವ್ವ ಗದಗಿನಲ್ಲಿದ್ದರೆ ಅವಳ ಕೈ ನವನಗರದ ಗಾಲಿಯೊಳಗೆ ಇರಲಾರದು. ಇದು ಭೌತಶಾಸ್ತ್ರದ ಮೊದಲ ಪಾಠಕ್ಕಿಂತಲೂ ಮೊದಲಿನದು. ನನಗೆ ಗೊತ್ತಿದೆ, ನಾನು ಸಂಬಳ ತೆಗೆದುಕೊಂಡು ಕಲಿಸುತ್ತೇನೆ. ಕಾಲು ಬ್ರೇಕಿನ ಮೇಲಿತ್ತು, ಬೆರಳು ಮುಂದಕ್ಕೆ ಹೋಗಲಿಲ್ಲ. ಕಾಲೇಜಿನ ಹೊತ್ತು ಮೀರುತ್ತಿತ್ತು.

ವಿಡಿಯೋ ಕಾಲ್ ಮಾಡಿದೆ. ಪರದೆಯ ತುಂಬ ಅವ್ವನ ಮೂಗು ಬಂತು, ಆಮೇಲೆ ಮುಖ.

"ಏನೊ?"

"ಏನಿಲ್ಲ. ಚಹಾ ಆತೇನು?"

ಅವ್ವ ಫೋನನ್ನು ಕಣ್ಣಿನ ಹತ್ತಿರ ತಂದಳು. ನಾನು ಹಾಕಿಕೊಂಡ ಬೆಲ್ಟ್ ಕಂಡಿರಬೇಕು. ಹೊಲಿಗೆಯ ಕಲೆಯಿದ್ದ ಬಲಗೈಯನ್ನು ಮುಖದ ಪಕ್ಕಕ್ಕೆ ಎತ್ತಿ, ಐದೂ ಬೆರಳು ಬಿಡಿಸಿ ಆಡಿಸಿದಳು.

"ಇನ್ನೊಂದು?" ಎಂದೆ.

"ಇನ್ನೊಂದರಾಗ ಫೋನ್ ಹಿಡದೇನೆಲ್ಲೊ ಶಾಣ್ಯಾ! ಅದನ್ನೂ ತೋರಸಂದ್ರ ಏನ ಕಾಲಲೇ ಹಿಡೀಲಿ?"

ಅಕ್ಕ ಎಲ್ಲೋ ಹಿಂದೆ ನಗುವುದು ಕೇಳಿಸಿತು. ಅವ್ವ ಫೋನನ್ನು ಬಲಗೈಗೆ ಬದಲಾಯಿಸಿದಳು. ಪರದೆ ತಿರುಗಾಡಿತು, ಫ್ಯಾನು, ಗೋಡೆ, ಅಕ್ಕನ ಭುಜ. ಆಮೇಲೆ ಎಡಗೈ ಬಂತು.